ಅರವತ್ತು ದಿನಕ್ಕೆ ಬಾಣಂತನ ಮುಗಿಯುತ್ತಾ?

ಪ್ರಶ್ನೆ: ನಾನು ಶಿವಮೊಗ್ಗದವಳು. ಮಗಳ ಬಾಣಂತನಕ್ಕೆ ಅಂತ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದಿದ್ದೇನೆ. ಮಗಳು, ಅಳಿಯ ಇಬ್ಬರೂ ಈಗ ಇಲ್ಲಿನ ನಾಗರಿಕರು. ಮಗಳು ಐದು ತಿಂಗಳ ಬಸುರಿ ಇದ್ದಾಗ ಅಳಿಯನ ಕೆಲಸ ಹೋಯಿತು. ಕಂಪನಿ ಕೊಡುತ್ತಿದ್ದ ಇನ್ಶೂರೆನ್ಸೂ ಅದರ ಜೊತೆಗೇ ಹೋಯಿತು. ಆಮೇಲೆ ಸರ್ಕಾರದ ಮೆಡಿಕೈಡ್ ಸಿಕ್ಕಿತು, ಹೆರಿಗೆ ಅದರಲ್ಲೇ ಆಯಿತು. ಬಸಿರಿನಲ್ಲಿ ಅವಳಿಗೆ ಶುಗರ್ ಕಾಣಿಸಿಕೊಂಡಿತ್ತು, ಕೊನೆಗೆ ಬಿಪಿಯೂ ಏರಿತ್ತು. ಈಗ ಮಗುವಿಗೆ ಏಳು ವಾರ. ಪರಿಚಯದವರೊಬ್ಬರು ‘ಮೆಡಿಕೈಡ್ ಅರವತ್ತು ದಿನಕ್ಕೆ ನಿಂತುಹೋಗುತ್ತೆ’ ಅಂದರು. ಅಂದಿನಿಂದ ಮಗಳಿಗೆ ಅದೇ ಯೋಚನೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ ‘ಸುಮ್ನೆ ಬಿಲ್ ಬರುತ್ತೆ’ ಅಂತಾಳೆ. ರಾತ್ರಿ ಮಗು ಮಲಗಿದರೂ ಇವಳು ಮಲಗುವುದಿಲ್ಲ, ಒಬ್ಬಳೇ ಅಳುತ್ತಿರುತ್ತಾಳೆ. ಬಾಣಂತಿ ಅಂದ ಮೇಲೆ ಇದೆಲ್ಲ ಇದ್ದದ್ದೇ ಅಂತ ನಾನು ಸುಮ್ಮನಿದ್ದೇನೆ. ನಿಜವಾಗಿಯೂ ವಿಮೆ ನಿಲ್ಲುತ್ತಾ?

ಉತ್ತರ:

ಅಮ್ಮಾ, ಮೊದಲು ನಿಮ್ಮ ಮಗಳನ್ನು ಕೂರಿಸಿಕೊಂಡು ಒಂದು ಮಾತು ಹೇಳಿ. ವಿಮೆ ನಿಲ್ಲುವುದಿಲ್ಲ. ನಾರ್ತ್ ಕೆರೊಲಿನಾದಲ್ಲಿ 2022ರ ಏಪ್ರಿಲ್ 1ರಿಂದ ಮೆಡಿಕೈಡ್ ಬಾಣಂತಿಗೆ ಪೂರ್ತಿ ಹನ್ನೆರಡು ತಿಂಗಳು ಸಿಗುತ್ತದೆ. ಲೆಕ್ಕ ಹೆರಿಗೆಯಾದ ದಿನದಿಂದ ಶುರು. ಹನ್ನೆರಡನೇ ತಿಂಗಳು ಯಾವ ತಿಂಗಳಲ್ಲಿ ಮುಗಿಯುತ್ತದೋ ಆ ತಿಂಗಳ ಕೊನೆಯ ದಿನದವರೆಗೆ ಕಾರ್ಡು ನಡೆಯುತ್ತದೆ. ನಡುವೆ ನಿಮ್ಮ ಅಳಿಯನಿಗೆ ಕೆಲಸ ಸಿಕ್ಕಿ ಸಂಬಳ ಬಂದರೂ ಮಗಳ ವಿಮೆಯನ್ನು ಅದೇ ಕಾರಣಕ್ಕೆ ಕಿತ್ತುಕೊಳ್ಳುವ ಹಾಗಿಲ್ಲ. ಅವರು ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿದರೆ ಮಾತ್ರ ಅಲ್ಲಿ ಹೊಸದಾಗಿ ಅರ್ಜಿ ಹಾಕಬೇಕು.

ಇನ್ನೊಂದು ವಿಷಯವೂ ಹೇಳಿ. ಈ ವಿಮೆ ಬರೀ ಹೆರಿಗೆಗೆ ಸಂಬಂಧಪಟ್ಟ ತೊಂದರೆಗೆ ಮಾತ್ರ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ವರ್ಷದ ವಿಸ್ತರಣೆ ಒಪ್ಪಿಕೊಂಡ ರಾಜ್ಯ ಪೂರ್ತಿ ಸೌಲಭ್ಯವನ್ನೇ ಕೊಡಬೇಕು. ಬಿಪಿ, ಶುಗರ್, ಥೈರಾಯ್ಡ್, ಮನಸ್ಸಿನ ಚಿಕಿತ್ಸೆ ಎಲ್ಲಾ ಅದರಲ್ಲಿ ಬರುತ್ತದೆ. ಹಾಗಾಗಿ ಬಿಲ್ಲಿನ ಭಯಕ್ಕೆ ಡಾಕ್ಟರನ್ನು ತಪ್ಪಿಸುವುದು ಬೇಡ.

ನಿಮಗೆ ಆ ಮಾತು ಹೇಳಿದವರು ಸುಳ್ಳು ಹೇಳಿದ್ದಲ್ಲ. ಹಳೆಯದು ಹೇಳಿದರು, ಅಷ್ಟೇ. ಮೆಡಿಕೈಡ್ ಶುರುವಾಗಿದ್ದು 1965ರಲ್ಲಿ. ಬಡವರಿಗೆ, ಕಡಿಮೆ ವರಮಾನದವರಿಗೆ ಅಂತ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಸೇರಿ ನಡೆಸುವ ವಿಮೆ. ಅಮೆರಿಕದಲ್ಲಿ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕಕ್ಕೆ ದುಡ್ಡು ಕೊಡುವುದು ಇದೇ. 1980ರ ದಶಕದಲ್ಲಿ ಬಸುರಿಯರಿಗೆ ಈ ಬಾಗಿಲನ್ನು ದೊಡ್ಡದು ಮಾಡಿದರು. ವರಮಾನ ಸ್ವಲ್ಪ ಜಾಸ್ತಿ ಇದ್ದರೂ ಬಸುರಿಗೆ ಮೆಡಿಕೈಡ್ ಸಿಗುವ ಹಾಗಾಯಿತು. ಆದರೆ ಹೆರಿಗೆಯ ನಂತರ 60 ದಿನ ಅಂತ ಒಂದು ಗೆರೆ ಎಳೆದರು. ಆರನೇ ವಾರದಲ್ಲಿ ಒಂದು ಚೆಕಪ್ ಆಗುತ್ತದೆ, ಅಲ್ಲಿಗೆ ಎಲ್ಲಾ ಮುಗಿಯಿತು ಅನ್ನುವುದು ಆ ಕಾಲದ ತಿಳಿವಳಿಕೆ.

ಆ ಗೆರೆ ದಾಟಿದ ಮರುದಿನ ಅದೇ ಹೆಂಗಸು ಬಸುರಿ ಲೆಕ್ಕದಿಂದ ಹೊರಗೆ ಬಂದು ‘ತಾಯಿ’ ಲೆಕ್ಕಕ್ಕೆ ಬರುತ್ತಿದ್ದಳು. ಅಲ್ಲಿ ವರಮಾನದ ಮಿತಿ ಪಾತಾಳಕ್ಕೆ ಇಳಿದಿತ್ತು. ಟೆಕ್ಸಾಸ್ ನೋಡಿ. ಮೂರು ಜನರ ಮನೆಗೆ ತಿಂಗಳಿಗೆ ನಾಲ್ಕು ಸಾವಿರ ಡಾಲರ್ ಬಂದರೂ ಬಸುರಿಗೆ ವಿಮೆ ಸಿಗುತ್ತದೆ. ಅದೇ ಇಬ್ಬರು ಮಕ್ಕಳಿರುವ ಒಂಟಿ ತಾಯಿಗೆ ತಿಂಗಳ ವರಮಾನ ಸುಮಾರು 230 ಡಾಲರ್ ದಾಟಿದರೆ ಇಲ್ಲ. ಆ ದೇಶದಲ್ಲಿ 230 ಡಾಲರಿಗೆ ತಿಂಗಳ ದಿನಸಿಯೂ ಸರಿಯಾಗಿ ಬರುವುದಿಲ್ಲ. ಹಸಿ ಬಾಣಂತಿ, ಎದೆಹಾಲು ಕುಡಿಯುವ ಕೂಸು, ಕೈಯಲ್ಲಿ ವಿಮೆ ಇಲ್ಲ. ಇದು ಲಕ್ಷಾಂತರ ಮನೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಡೆದುಕೊಂಡು ಬಂತು.

ನನಗೆ ಇದರಲ್ಲಿ ಎಲ್ಲಕ್ಕಿಂತ ನೋವು ಕೊಡುವುದು ಬೇರೆ. ಮೆಡಿಕೈಡ್‌ನಲ್ಲಿ ಹುಟ್ಟಿದ ಮಗುವಿಗೆ ಮೊದಲಿನಿಂದಲೂ ಒಂದು ವರ್ಷ ವಿಮೆ ತಾನಾಗೇ ಸಿಗುತ್ತಿತ್ತು. ಬೇರೆ ಅರ್ಜಿ ಬೇಡ, ವರಮಾನದ ಲೆಕ್ಕ ಬೇಡ. (ನಿಮ್ಮ ಮೊಮ್ಮಗುವಿಗೂ ಇದೆ. ಮಗು ಹುಟ್ಟಿದ್ದನ್ನು ಮೆಡಿಕೈಡ್ ಕಚೇರಿಗೆ ತಿಳಿಸಿದ್ದಾರಾ ಅಂತ ಒಮ್ಮೆ ಕೇಳಿ.) ಮಗುವಿಗೆ ಒಂದು ವರ್ಷ, ಹೆತ್ತವಳಿಗೆ ಎರಡು ತಿಂಗಳು. ಬಳ್ಳಿ ಒಣಗಿದರೆ ಕಾಯಿ ಹೇಗೆ ಉಳಿಯುತ್ತದೆ ಅಂತ ನಮ್ಮ ಅಜ್ಜಿಯರು ಕೇಳುತ್ತಿದ್ದರು.

ಗೆರೆಯನ್ನು ಅಳಿಸಿದ್ದು ಲೆಕ್ಕ. ಅಮೆರಿಕದ ರಾಜ್ಯಗಳಲ್ಲಿ ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸುವ ಸಮಿತಿಗಳಿವೆ. ಸತ್ತವಳ ಆಸ್ಪತ್ರೆ ಕಾಗದ ತೆಗೆದು, ಏನಾಯಿತು, ಎಲ್ಲಿ ತಪ್ಪಿತು, ತಡೆಯಬಹುದಿತ್ತಾ ಅಂತ ಕೂತು ನೋಡುತ್ತಾರೆ. 2017ರಿಂದ 2019ರವರೆಗೆ 36 ರಾಜ್ಯಗಳಲ್ಲಿ ಬಸಿರು, ಬಾಣಂತನಕ್ಕೆ ಸಂಬಂಧಿಸಿದ 1,018 ಸಾವುಗಳನ್ನು ಹೀಗೆ ನೋಡಿದಾಗ ಸಿಕ್ಕ ಚಿತ್ರ ಬೆಚ್ಚಿಬೀಳಿಸುವಂಥದ್ದು. ಅರ್ಧಕ್ಕಿಂತ ಜಾಸ್ತಿ, ಅಂದರೆ ಶೇ. 53ರಷ್ಟು ಸಾವು ಆಗಿದ್ದು ಹೆರಿಗೆಯಾದ ಒಂದು ವಾರದ ನಂತರ, ವರ್ಷ ತುಂಬುವುದರೊಳಗೆ. ಸುಮಾರು ಶೇ. 30ರಷ್ಟು ಆರು ವಾರ ಕಳೆದ ಮೇಲೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಾವನ್ನು ತಡೆಯಬಹುದಿತ್ತು ಅಂತ ಸಮಿತಿಗಳು ಹೇಳಿದವು.

ಕಾರಣಗಳಲ್ಲಿ ಮೊದಲನೆಯದು ಯಾವುದು ಅಂದುಕೊಂಡಿರಿ? ರಕ್ತಸ್ರಾವ ಅಲ್ಲ. ಮನಸ್ಸಿನ ಕಾಯಿಲೆ. ಆತ್ಮಹತ್ಯೆ ಮತ್ತು ಮಾದಕ ವಸ್ತುವಿನ ಸಾವುಗಳೂ ಸೇರಿ ಶೇ. 23. ಆಮೇಲೆ ರಕ್ತಸ್ರಾವ, ಆಮೇಲೆ ಹೃದಯದ ತೊಂದರೆ.

ಅಮ್ಮಾ, ಈ ಸಾಲುಗಳನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ನೀವು ಪ್ರಶ್ನೆಯ ಕೊನೆಯಲ್ಲಿ ಬರೆದ ಮಾತು, ಅಂದರೆ ರಾತ್ರಿ ಒಬ್ಬಳೇ ಅಳುತ್ತಾಳೆ ಅನ್ನುವುದು, ನನಗೆ ವಿಮೆಯ ಪ್ರಶ್ನೆಗಿಂತ ದೊಡ್ಡದಾಗಿ ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನ ಸುಮ್ಮಸುಮ್ಮನೆ ಕಣ್ಣೀರು ಬರುವುದು ಸಹಜ. ಅದು ತಾನಾಗೇ ಇಳಿಯುತ್ತದೆ. ಏಳನೇ ವಾರದಲ್ಲೂ ಅಳು ನಿಂತಿಲ್ಲ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರುತ್ತಿಲ್ಲ ಅಂದರೆ ಅದು ಬೇರೆ. ಅಮೆರಿಕದ ಲೆಕ್ಕದಲ್ಲಿ ಎಂಟು ಬಾಣಂತಿಯರಲ್ಲಿ ಒಬ್ಬಳಿಗೆ ಖಿನ್ನತೆಯ ಲಕ್ಷಣ ಕಾಣಿಸುತ್ತದೆ. ಇದು ಸೊಕ್ಕಲ್ಲ, ಸೋಮಾರಿತನ ಅಲ್ಲ, ಮಗು ಬೇಡ ಅನ್ನುವುದೂ ಅಲ್ಲ. ಕಾಯಿಲೆ. ಮಾತಿನ ಚಿಕಿತ್ಸೆ ಇದೆ, ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ.

ನಮ್ಮಲ್ಲಿ ಬಾಣಂತಿ ಸನ್ನಿ ಅಂತ ಒಂದು ಹೆಸರು ಹಿಂದಿನಿಂದ ಇದೆ. ಹೆತ್ತವಳು ಏನೇನೋ ಮಾತಾಡುವುದು, ಯಾರೋ ಕರೆದ ಹಾಗೆ ಆಗುವುದು, ಮಗುವನ್ನೇ ಅನುಮಾನಿಸುವುದು. ಅಷ್ಟು ಜೋರಾಗಿ ಬಂದರೆ ಮಾತ್ರ ಕಾಯಿಲೆ ಅಂತ ನಮ್ಮವರು ಒಪ್ಪುತ್ತಿದ್ದರು. ಅದು ಅಪರೂಪ, ಆದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಸದ್ದಿಲ್ಲದೆ ಬರುವ ಖಿನ್ನತೆಗೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ್ದಕ್ಕೆ ಮದ್ದು ಯಾರು ಹುಡುಕುತ್ತಾರೆ? ‘ಬಾಣಂತಿ ಅಂದ ಮೇಲೆ ಇದ್ದದ್ದೇ’ ಅಂತ ನೀವು ಅಂದುಕೊಂಡಿದ್ದರಲ್ಲಿ ನಿಮ್ಮ ತಪ್ಪಿಲ್ಲ. ನಮಗೆಲ್ಲ ಹಾಗೇ ಹೇಳಿಕೊಟ್ಟಿದ್ದಾರೆ.

ಡಾಕ್ಟರು ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಎಡಿನ್‌ಬರೊ ಮಾಪಕ ಅಂತ ಅದರ ಹೆಸರು. ಕನ್ನಡದಲ್ಲೂ ಇದೆ. ಅದರ ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅಂತ ತಾಯಂದಿರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದವರ ಎದುರು ಮನಸ್ಸು ಹಗುರಾಗುತ್ತದೆ. ಅಮೆರಿಕದಲ್ಲಿ ಬಾಣಂತಿಯರಿಗೆ ಅಂತಲೇ ಹಗಲು ರಾತ್ರಿ ನಡೆಯುವ ಸರ್ಕಾರಿ ಸಹಾಯವಾಣಿ ಇದೆ: 1-833-852-6262. ದುಡ್ಡು ಬೇಡ, ವಿಮೆ ಕೇಳುವುದಿಲ್ಲ, ದುಭಾಷಿಯನ್ನೂ ಕೇಳಬಹುದು. ಇವತ್ತು ರಾತ್ರಿಯೇ ಬೇಕಾದರೂ ಮಾಡಬಹುದು. ತನ್ನನ್ನೋ ಮಗುವನ್ನೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಮಾತು ಬಂದರೆ ಮಾತ್ರ ಕಾಯಬೇಡಿ, 911ಕ್ಕೆ ಕರೆ ಮಾಡಿ.

ಇನ್ನು ದೇಹದ ವಿಷಯ. ಬಸಿರಿನಲ್ಲಿ ಶುಗರ್ ಬಂದವರಿಗೆ ಹೆರಿಗೆಯ ನಂತರ ನಾಲ್ಕರಿಂದ ಹನ್ನೆರಡು ವಾರದೊಳಗೆ ಒಂದು ಪರೀಕ್ಷೆ ಆಗಲೇಬೇಕು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ನೋಡಿ, ಹನ್ನೆರಡು ವಾರ ಅಂದರೆ 84 ದಿನ. ಹಳೆಯ 60 ದಿನದ ನಿಯಮದಲ್ಲಿ ಈ ಪರೀಕ್ಷೆಯ ಅವಧಿ ಮುಗಿಯುವುದಕ್ಕೆ ಮೊದಲೇ ವಿಮೆ ಮುಗಿಯುತ್ತಿತ್ತು! ನಿಮ್ಮ ಮಗಳಿಗೆ ಈಗ ಏಳು ವಾರ, ಸರಿಯಾದ ಸಮಯ. ಬಸಿರಿನ ಶುಗರ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮುಂದೆ ಯಾವಾಗಲಾದರೂ ಸಕ್ಕರೆ ಕಾಯಿಲೆ ಬರುತ್ತದೆ. ಪರೀಕ್ಷೆ ಮಾಡಿಸಿಕೊಂಡವರು ಅದನ್ನು ಮುಂದೂಡಬಹುದು, ತಡೆಯಲೂಬಹುದು.

ಬಿಪಿಯೂ ಹಾಗೇ. ಹೆರಿಗೆಯಾದ ತಕ್ಷಣ ಇಳಿಯಿತು ಅಂತ ಮರೆತುಬಿಡುವಂಥದ್ದಲ್ಲ. ಹೃದಯದ ಸ್ನಾಯು ಸೋಲುವ ಒಂದು ಕಾಯಿಲೆ ಇದೆ. ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯ ಐದನೇ ತಿಂಗಳವರೆಗೆ ಯಾವಾಗ ಬೇಕಾದರೂ ಬರಬಹುದು. ನಾನು ಇಲ್ಲೇ ನಮ್ಮ ಊರ ಕಡೆ ನೋಡಿದ ಒಬ್ಬ ಬಾಣಂತಿ ನೆನಪಾಗುತ್ತಾಳೆ. ಮೂರನೇ ತಿಂಗಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಮನೆಯವರು ನಿಶ್ಶಕ್ತಿ ಅಂತ ಅಂಟಿನುಂಡೆ ಜಾಸ್ತಿ ಮಾಡಿಕೊಟ್ಟಿದ್ದರು. ಎಕೋ ಮಾಡಿಸಿದಾಗ ಹೃದಯ ಅರ್ಧ ಕೆಲಸ ಮಾಡುತ್ತಿತ್ತು. ಅವಳು ಚೇತರಿಸಿಕೊಂಡಳು, ಸಮಯಕ್ಕೆ ಬಂದಿದ್ದರಿಂದ. ಥೈರಾಯ್ಡ್ ಕೂಡ ಬಾಣಂತಿಯರಲ್ಲಿ ಏರುಪೇರಾಗುವುದು ಮೊದಲ ತಿಂಗಳುಗಳಲ್ಲಿ ಒಂದು ರೀತಿ, ನಾಲ್ಕರಿಂದ ಎಂಟನೇ ತಿಂಗಳಲ್ಲಿ ಇನ್ನೊಂದು ರೀತಿ. ಸುಸ್ತು, ಬೇಜಾರು, ಕೂದಲು ಉದುರುವುದು. ಎಷ್ಟೋ ಸಲ ಖಿನ್ನತೆಯ ಹಾಗೇ ಕಾಣುತ್ತದೆ. ನಿಮ್ಮ ಮಗಳ ರಕ್ತ ತೆಗೆಯುವಾಗ ಇದನ್ನೂ ನೋಡಿ ಅಂತ ಕೇಳಿ.

ಶಾಲನ್ ಅರ್ವಿಂಗ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಲ್ಲಿ ವಿಜ್ಞಾನಿಯಾಗಿದ್ದ ಕಪ್ಪು ಮಹಿಳೆ. 2017ರ ಜನವರಿಯಲ್ಲಿ ಹೆಣ್ಣು ಮಗುವಿಗೆ ಜನ್ಮ ಕೊಟ್ಟರು. ಆಮೇಲೆ ಬಿಪಿ ಏರಿತು, ಕಾಲು ಊದಿತು. ಮತ್ತೆ ಮತ್ತೆ ಡಾಕ್ಟರ ಹತ್ತಿರ ಹೋದರು. ಹೆರಿಗೆಯಾಗಿ ಮೂರೇ ವಾರಕ್ಕೆ ತೀರಿಕೊಂಡರು. ವಯಸ್ಸು 36. ಓದಿತ್ತು, ಒಳ್ಳೆಯ ಕೆಲಸ ಇತ್ತು, ವಿಮೆಯೂ ಇತ್ತು. ಅವರ ತಾಯಿ ವಾಂಡಾ ಅರ್ವಿಂಗ್ ಮೊಮ್ಮಗಳನ್ನು ಸಾಕುತ್ತಾ, ಕಪ್ಪು ತಾಯಂದಿರ ಮಾತನ್ನು ಆಸ್ಪತ್ರೆಗಳು ಕಿವಿಗೊಟ್ಟು ಕೇಳಬೇಕು ಅಂತ ಇಂದಿಗೂ ಹೋರಾಡುತ್ತಿದ್ದಾರೆ. ಆ ದೇಶದ ಅಂಕಿ ಅಂಶವೂ ಅದನ್ನೇ ಹೇಳುತ್ತದೆ. 2023ರಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿಯ ತಾಯಂದಿರ ಸಾವು 14.5, ಕಪ್ಪು ತಾಯಂದಿರದು 50.3. ಅದೂ 42 ದಿನದೊಳಗಿನ ಸಾವು ಮಾತ್ರ ಎಣಿಸಿದ ಲೆಕ್ಕ. 43ನೇ ದಿನ ಸತ್ತವಳು ಆ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ.

ವಿಮೆ ವಿಸ್ತರಿಸಬೇಕು ಅಂತ ಸಂಸತ್ತಿನಲ್ಲಿ ದನಿ ಎತ್ತಿದವರಲ್ಲಿ ಇಲಿನಾಯ್‌ನ ಲಾರೆನ್ ಅಂಡರ್‌ವುಡ್ ಇದ್ದಾರೆ. ಅವರು ನರ್ಸ್ ಆಗಿದ್ದವರು. ಜೊತೆಗೆ ನೀವಿರುವ ನಾರ್ತ್ ಕೆರೊಲಿನಾದವರೇ ಆದ ಅಲ್ಮಾ ಆಡಮ್ಸ್. ಇಬ್ಬರೂ ಸೇರಿ 2019ರಲ್ಲಿ ಕಪ್ಪು ತಾಯಂದಿರ ಆರೋಗ್ಯಕ್ಕಾಗಿ ಸಂಸದರ ಗುಂಪು ಕಟ್ಟಿದರು. 2021ರ ಮಾರ್ಚ್‌ನಲ್ಲಿ ಬಂದ ಕೋವಿಡ್ ಪರಿಹಾರ ಕಾಯ್ದೆಯಲ್ಲಿ, ರಾಜ್ಯಗಳು ಬೇಕೆಂದರೆ ಬಾಣಂತಿಯ ವಿಮೆಯನ್ನು ಒಂದು ವರ್ಷಕ್ಕೆ ವಿಸ್ತರಿಸಬಹುದು ಅಂತ ಸೇರಿತು. ಅದು ಐದು ವರ್ಷಕ್ಕೆ ಮಾತ್ರ ಇತ್ತು. 2022ರ ಡಿಸೆಂಬರ್‌ನಲ್ಲಿ ಕಾಯಂ ಮಾಡಿದರು. ರಾಜ್ಯಗಳು ಒಂದೊಂದಾಗಿ ಒಪ್ಪಿದವು. ಟೆಕ್ಸಾಸ್ ಕೂಡ 2024ರ ಮಾರ್ಚ್‌ನಿಂದ ಜಾರಿಗೆ ತಂದಿತು. 2025ರ ಆರಂಭಕ್ಕೆ ಹೊರಗೆ ಉಳಿದಿದ್ದು ಆರ್ಕನ್ಸಾ ಮತ್ತು ವಿಸ್ಕಾನ್ಸಿನ್ ಎರಡೇ. ಎರಡೂ ಪಕ್ಷದವರು ಆಳುವ ರಾಜ್ಯಗಳು ಒಪ್ಪಿದ ಇಂಥ ವಿಷಯ ಆ ದೇಶದಲ್ಲಿ ಈಗ ಅಪರೂಪ.

ಆದರೂ ನನಗೆ ಪೂರ್ತಿ ನೆಮ್ಮದಿ ಇಲ್ಲ. ಇದು ಕೇಂದ್ರ ಕಡ್ಡಾಯ ಮಾಡಿದ್ದಲ್ಲ, ರಾಜ್ಯಗಳ ಆಯ್ಕೆ. 2025ರ ಜುಲೈ 4ರಂದು ಸಹಿಯಾದ ಕಾನೂನು ಮುಂದಿನ ವರ್ಷಗಳಲ್ಲಿ ಮೆಡಿಕೈಡ್‌ಗೆ ಒಕ್ಕೂಟ ಸರ್ಕಾರ ಕೊಡುವ ಹಣವನ್ನು ದೊಡ್ಡದಾಗಿ ಕಡಿತ ಮಾಡುತ್ತದೆ. ಕೆಲವು ವಯಸ್ಕರಿಗೆ ಕೆಲಸ ಮಾಡಿದ ಲೆಕ್ಕ ತೋರಿಸುವ ಷರತ್ತನ್ನೂ ತರುತ್ತದೆ. ಬಸುರಿಯರಿಗೆ, ಬಾಣಂತಿ ವಿಮೆಯಲ್ಲಿ ಇರುವವರಿಗೆ ಆ ಷರತ್ತಿನಿಂದ ವಿನಾಯಿತಿ ಇದೆ. ಆದರೆ ರಾಜ್ಯದ ಬೊಕ್ಕಸ ಬರಿದಾದಾಗ ಮೊದಲು ಕೈ ಹೋಗುವುದು ಕಡ್ಡಾಯವಲ್ಲದ ಸೌಲಭ್ಯಗಳ ಮೇಲೆ. ಹಾಗಾಗಬಾರದು. ಇದನ್ನು ಕಡ್ಡಾಯ ಮಾಡಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಡೆಯೂ ಇದೇ ಗೆರೆ ಇದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೆ ಉಚಿತ ಚಿಕಿತ್ಸೆ 42 ದಿನದವರೆಗೆ, ಕಾಯಿಲೆ ಬಿದ್ದ ಮಗುವಿಗೆ ಈಗ ಒಂದು ವರ್ಷದವರೆಗೆ. ಆಶಾ ಕಾರ್ಯಕರ್ತೆ ಮನೆಗೆ ಬರುವುದೂ ಮೂರನೇ ದಿನದಿಂದ 42ನೇ ದಿನದವರೆಗೆ. ಆಮೇಲೆ ಮೂರನೇ ತಿಂಗಳಿಂದ ಮತ್ತೆ ಬರುತ್ತಾಳೆ, ಮಗುವನ್ನು ನೋಡಲು. ಬಂದವಳು ತಾಯಿಯ ಬಿಪಿಯನ್ನೂ ನೋಡಿ, ‘ನೀನು ಹೇಗಿದ್ದೀಯವ್ವ’ ಅಂತ ಕೇಳುವ ಹಾಗೆ ಅವಳ ಕೆಲಸದ ಪಟ್ಟಿಯಲ್ಲಿ ಸೇರಿಸಿದರೆ ಎಷ್ಟು ಜೀವ ಉಳಿಯಬಹುದು! ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಅದಕ್ಕೆ ದಿನದ ಗೆರೆ ಇಲ್ಲ ನಿಜ. ಆದರೆ ಅದು ಬಹುಪಾಲು ಆಸ್ಪತ್ರೆ ಸೇರಿದ ಮೇಲಿನ ಮಾತು. ಅಳುವ ಬಾಣಂತಿಯನ್ನು ಯಾರೂ ಆಸ್ಪತ್ರೆಗೆ ಸೇರಿಸುವುದಿಲ್ಲ, ಅಲ್ವಾ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡ್ ಇದೆ. ಊರಲ್ಲಿ ಇದನ್ನು ಓದುತ್ತಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ನಿಮ್ಮ ಮನೆಗೆ ಬರೋಣ. ಈ ವಾರ ಮಗಳ ಹೆರಿಗೆ ಡಾಕ್ಟರ ಕಚೇರಿಗೆ ಫೋನ್ ಮಾಡಿಸಿ. ಅಳು, ನಿದ್ದೆ ಇಲ್ಲದ್ದು, ಶುಗರ್ ಪರೀಕ್ಷೆ, ಬಿಪಿ, ನಾಲ್ಕನ್ನೂ ಹೇಳಲಿ. ಎಲ್ಲಾ ಡಾಕ್ಟರೂ ಮೆಡಿಕೈಡ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಬೇರೆ ಡಾಕ್ಟರಿಗೆ ಕಳಿಸಿದರೆ ‘ಅವರು ಮೆಡಿಕೈಡ್ ಒಪ್ಪುತ್ತಾರಾ’ ಅಂತ ಮೊದಲೇ ಕೇಳಲಿ. ಮನೆಗೊಂದು ಬಿಪಿ ಮಿಷನ್ ತನ್ನಿ. ಮೆಡಿಕೈಡ್ ಕಚೇರಿಯಿಂದ ಬರುವ ಯಾವ ಕಾಗದವನ್ನೂ ತೆರೆಯದೆ ಇಡಬೇಡಿ. 60 ದಿನಕ್ಕೆ ನಿಲ್ಲಿಸಿದ್ದೇವೆ ಅಂತ ಅಪ್ಪಿತಪ್ಪಿ ಬಂದರೂ ಅದು ಕಚೇರಿಯ ತಪ್ಪು. ಫೋನ್ ಮಾಡಿ ಸರಿಮಾಡಿಸಿಕೊಳ್ಳಬಹುದು, ಮೇಲ್ಮನವಿಯನ್ನೂ ಹಾಕಬಹುದು. ವರ್ಷ ಮುಗಿಯುವಾಗ ಮಗಳಿಗೆ ಬೇರೆ ಯಾವ ಲೆಕ್ಕದಲ್ಲಾದರೂ ಮೆಡಿಕೈಡ್ ಸಿಗುತ್ತದಾ ಅಂತ ಕಚೇರಿಯೇ ನೋಡಬೇಕು. ನಾರ್ತ್ ಕೆರೊಲಿನಾ 2023ರ ಡಿಸೆಂಬರ್‌ನಿಂದ ಕಡಿಮೆ ವರಮಾನದ ಬಹುತೇಕ ವಯಸ್ಕರಿಗೂ ಬಾಗಿಲು ತೆರೆದಿದೆ.

ಎದೆನೋವು, ಏದುಸಿರು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು, ಜಾಸ್ತಿ ರಕ್ತ ಹೋಗುವುದು, ಇವುಗಳಲ್ಲಿ ಯಾವುದು ಬಂದರೂ ತುರ್ತು ವಿಭಾಗಕ್ಕೆ ಹೋಗಿ. ಹೋದ ತಕ್ಷಣ ಹೇಳಬೇಕಾದ ಮೊದಲ ಮಾತು, ‘ನನಗೆ ಇಂಥ ತಿಂಗಳಲ್ಲಿ ಹೆರಿಗೆಯಾಗಿದೆ’ ಅಂತ. ಐದು, ಆರು ತಿಂಗಳು ಕಳೆದಿದ್ದರೂ ಹೇಳಬೇಕು. ಕೈಯಲ್ಲಿ ಮಗು ಇಲ್ಲದಿದ್ದರೆ ಅಲ್ಲಿನವರಿಗೆ ಬಾಣಂತಿ ಅಂತ ಗೊತ್ತಾಗುವುದಿಲ್ಲ.

ನಿಮಗೂ ಒಂದು ಮಾತು. ಪ್ರವಾಸಿ ವೀಸಾದಲ್ಲಿ ಬಂದ ನಿಮಗೆ ಮೆಡಿಕೈಡ್ ಇಲ್ಲ. ಪ್ರವಾಸದ ವಿಮೆ ಮಾಡಿಸಿಕೊಂಡು ಬಂದಿದ್ದೀರಿ ತಾನೇ? ನಿಮ್ಮ ಮಾತ್ರೆಗಳನ್ನು ತಪ್ಪಿಸಬೇಡಿ.

ಕೊನೆಯದಾಗಿ, ನೀವು ವಾಪಸ್ ಹೊರಡುವ ತಾರೀಖನ್ನು ನೋಡಿಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳಿಗೆ ಹೊರಡಬೇಕಾಗುತ್ತದೆ. ಎಣ್ಣೆ ನೀರು, ಬಿಸಿ ಸಾರು, ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೋಡಿ ಕೈ, ಎಲ್ಲಾ ಒಂದೇ ದಿನ ಹೊರಟುಹೋಗುತ್ತದೆ. ಆಮೇಲೂ ಅವಳ ವಿಮೆ ಹಲವು ತಿಂಗಳು ಇರುತ್ತದೆ. ನೀವು ಹೋದ ಮುಂದಿನ ವಾರಕ್ಕೆ ಅವಳಿಗೊಂದು ಡಾಕ್ಟರ ಭೇಟಿಯನ್ನು ಈಗಲೇ ಗೊತ್ತು ಮಾಡಿಡಿ. ಅಳಿಯನನ್ನೂ ಕೂರಿಸಿಕೊಂಡು, ರಾತ್ರಿಯ ಒಂದು ಹೊತ್ತು ಮಗು ಅವನದು ಅಂತ ನೀವು ಅಲ್ಲಿರುವಾಗಲೇ ರೂಢಿ ಮಾಡಿಸಿ.